ಮಾಂಸ ಬೆಳೆದಿದೆ ಅಂದರು

ಬ್ಯಾಂಕಿನಲ್ಲಿ ಸಾಲದ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುವಾಗ ನಾವೊಂದು ಉಪಾಯ ಮಾಡುತ್ತೇವೆ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಮೊದಲೇ ಪೆನ್ಸಿಲಿನಲ್ಲಿ ಇಂಟು ಮಾರ್ಕು ಹಾಕಿಟ್ಟಿರುತ್ತೇವೆ. ರೈತ ಬಂದು ಕೂತ ಮೇಲೆ ಹಾಳೆ ತಿರುವುವುದು ನಮ್ಮ ಕೆಲಸ, ಸಹಿ ಹಾಕುತ್ತಾ ಹೋಗುವುದು ಅವನ ಕೆಲಸ. ಇಪ್ಪತ್ತು ಸಹಿ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. "ಇದ್ರಾಗ ಏನೈತಿ ಸಾರ್?" ಎಂದು ಯಾರಾದರೂ ಕೇಳಿದರೆ "ಎಲ್ಲಾ ರೂಲ್ಸು ಮಾರಾಯ್ರೆ, ಎಲ್ಲರಿಗೂ ಇದೇ" ಅಂದಿದ್ದೇನೆ. ಒಂದೆರಡು ಸಲವಲ್ಲ, ಇಪ್ಪತ್ತು ವರ್ಷ ಅಂದಿದ್ದೇನೆ.

2018ರ ಡಿಸೆಂಬರಿನ ಒಂದು ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮುಂದೆ ಬಂದ ಕಾಗದಗಳಲ್ಲೂ ಅದೇ ಪೆನ್ಸಿಲ್ ಇಂಟು. ಇನ್ಶೂರೆನ್ಸಿನದು ಮೂರು ಹಾಳೆ, ಅರಿವಳಿಕೆಯದು ಒಂದು, ಆಪರೇಷನ್ನಿನದು ಎರಡು. ಎಲ್ಲ ಇಂಗ್ಲಿಷಿನಲ್ಲಿ. ನನಗೆ ಬಾರದ ಭಾಷೆಯೇನಲ್ಲ, ಆದರೂ ಓದಲಿಲ್ಲ. ಹೊಟ್ಟೆ ಖಾಲಿ, ಕೈಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸಿದ್ದಾರೆ, ಹಿಂದೆ ಇನ್ನಿಬ್ಬರು ಕಾಯುತ್ತಿದ್ದಾರೆ. "ರೊಟೀನ್ ಸಾರ್" ಎಂದಳು ನರ್ಸ್ ಹುಡುಗಿ. ರೊಟೀನ್ ಎನ್ನುವ ಪದಕ್ಕೆ ಎಷ್ಟು ಬೆಲೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಸಹಿ ಹಾಕಿದೆ.

ನನ್ನದು ಸಾಗರದ ಕಡೆಯ ಊರು. ಕೆಲಸ ಬಳ್ಳಾರಿಯಲ್ಲಿ. ಕಾಲೇಜಿನ ದಿನದಿಂದಲೂ ಮೂಗು ಕಟ್ಟುತ್ತಿತ್ತು. ಬಳ್ಳಾರಿಗೆ ಬಂದಮೇಲೆ ಬಿಸಿಲು, ಅದಿರು ಲಾರಿಗಳ ಕೆಂಪು ಧೂಳು ಸೇರಿಕೊಂಡು ರಾತ್ರಿಯೆಲ್ಲ ಬಾಯಿ ತೆರೆದು ಮಲಗುವಂತಾಯಿತು. ಮೆಡಿಕಲ್ ಶಾಪಿನವನು ಕೊಟ್ಟ ಮೂಗಿನ ಡ್ರಾಪ್ಸ್ ಬಿಟ್ಟರೆ ಎರಡೇ ನಿಮಿಷಕ್ಕೆ ಮೂಗು ತೆರೆದುಕೊಳ್ಳುತ್ತಿತ್ತು. ಸರಿ, ಅದೇ ಅಭ್ಯಾಸವಾಯಿತು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬಾಟಲಿ, ಮೂರು ವರ್ಷ. ಝೈಲೋಮೆಟಾಜೋಲಿನ್ ಇರುವ ಈ ಡ್ರಾಪ್ಸನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಿಟ್ಟುಕೊಂಡರೆ ಅದೇ ಮೂಗನ್ನು ಊದಿಸಿ ಕಟ್ಟಿಸುತ್ತದೆ, ಮತ್ತೆ ಡ್ರಾಪ್ಸ್ ಬೇಡುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಬೆಂಗಳೂರಿನ ಡಾಕ್ಟರು ಆ ಬಾಟಲಿಯ ವಿಷಯ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದೂ ಒಂದು ಔಷಧಿ ಅಂತ ನನ್ನ ತಲೆಯಲ್ಲಿ ಇರಲೇ ಇಲ್ಲ.

ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ಅವರು ಹೇಳಿದ್ದು ಇಷ್ಟು: "ನಡುಗೋಡೆ ಎಡಕ್ಕೆ ಬೆಂಡಾಗಿದೆ. ಎರಡೂ ಕಡೆ ಮಾಂಸ ಬೆಳೆದಿದೆ. ತೆಗೆದುಬಿಟ್ರೆ ಹೈವೇ ಥರ ಆಗುತ್ತೆ ಸಾರ್."

ಮಾಂಸ ಬೆಳೆದಿದೆ. ಈ ಎರಡು ಪದಗಳ ಬಗ್ಗೆ ಆಮೇಲೆ ಎಷ್ಟು ಯೋಚಿಸಿದ್ದೇನೋ. ನಮ್ಮಲ್ಲಿ ಮೂಗಿನ ಪಾಲಿಪ್ ಆದರೂ ಇದೇ ಮಾತು, ಟರ್ಬಿನೇಟ್ ಊದಿದರೂ ಇದೇ ಮಾತು. ಬೆಳೆದಿದೆ ಎಂದಕೂಡಲೇ ಅದು ಕಳೆ, ಇರಬಾರದ್ದು ಇದೆ, ಕಿತ್ತರೆ ಒಳ್ಳೆಯದು ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಪಾಲಿಪ್ ಹೊಸದಾಗಿ ಬೆಳೆದ ಗಂಟು, ಅದರ ವಿಷಯದಲ್ಲಿ ಇದು ಸರಿಯೇ ಇರಬಹುದು. ಟರ್ಬಿನೇಟ್ ಹಾಗಲ್ಲ. ಅದು ಹುಟ್ಟಿನಿಂದಲೇ ಎಲ್ಲರ ಮೂಗಿನಲ್ಲೂ ಇರುವ ಅಂಗ. ಒಂದೊಂದು ಹೊಳ್ಳೆಯೊಳಗೆ ಮೂರು, ಒಂದರ ಮೇಲೊಂದು, ಮೇಲೆ ಮೆತ್ತನೆಯ ಒದ್ದೆ ಪೊರೆ ಹೊದ್ದ ಎಲುಬಿನ ಸುರುಳಿಗಳು. ಎಲ್ಲಕ್ಕಿಂತ ಕೆಳಗಿನದೇ ದೊಡ್ಡದು. ನಾವು ಎಳೆದುಕೊಂಡ ಗಾಳಿಯನ್ನು ಬೆಚ್ಚಗೆ ಮಾಡುವುದು, ತೇವ ಮಾಡುವುದು, ಧೂಳು ಹಿಡಿಯುವುದು ಇವುಗಳ ಕೆಲಸ. ಬಳ್ಳಾರಿಯ ಮೇ ತಿಂಗಳ ಗಾಳಿ ಗಂಟಲಿಗಿಳಿಯುವ ಹೊತ್ತಿಗೆ ಹದವಾಗಿರುತ್ತದಲ್ಲ, ಅದು ಇವುಗಳ ಪುಣ್ಯ. ಒಂದು ಹೊಳ್ಳೆ ಕೆಲವು ಗಂಟೆ ಊದಿಕೊಂಡು ವಿಶ್ರಾಂತಿ ತೆಗೆದುಕೊಂಡರೆ ಇನ್ನೊಂದು ದುಡಿಯುತ್ತದೆ, ಆಮೇಲೆ ಪಾಳಿ ಬದಲು. 1895ರಲ್ಲಿ ಕೈಸರ್ ಎಂಬ ಜರ್ಮನ್ ವೈದ್ಯ ಇದನ್ನು ವಿವರಿಸಿ ಬರೆದ. ಇಡಾ ಪಿಂಗಳಾ ಎಂದು ಸ್ವರ ನೋಡುವ ನಮ್ಮವರಿಗೂ ಗೊತ್ತಿದ್ದ ಸಂಗತಿಯೇ. ಅಂದರೆ ಒಂದು ಹೊಳ್ಳೆ ಆಗಾಗ ಕಟ್ಟುವುದು ರೋಗವೇ ಅಲ್ಲ.

ನನ್ನ ಮೂಗಿನಲ್ಲಿ ಬೆಳೆದಿದೆ ಅಂದದ್ದು ಈ ಟರ್ಬಿನೇಟನ್ನೇ. ಆಪರೇಷನ್ ಸಲೀಸಾಗಿ ಆಯಿತು. ಮಾರನೆಯ ದಿನ ಮೂಗಿನೊಳಗೆ ತುಂಬಿದ್ದ ಪ್ಯಾಕನ್ನು ಎಳೆದು ತೆಗೆದಾಗ ಮಿದುಳೇ ಹೊರಗೆ ಬಂತೇನೋ ಅನ್ನಿಸಿದ್ದು ಬಿಟ್ಟರೆ ಹೇಳಿಕೊಳ್ಳುವ ನೋವಿರಲಿಲ್ಲ. ಮೇಲಿನ ಎದುರು ಹಲ್ಲುಗಳು ಮರದ ತುಂಡಿನಂತೆ ಜೋಮು ಹಿಡಿದಿದ್ದವು. ಯಾರೂ ಮುಂಚೆ ಹೇಳಿರಲಿಲ್ಲವಾದ್ದರಿಂದ ಗಾಬರಿಯಾಯಿತು. ನಡುಗೋಡೆಯ ಬುಡದಲ್ಲಿ ಹಾದುಬರುವ ನರಕ್ಕೆ ಪೆಟ್ಟಾದರೆ ಹೀಗಾಗುತ್ತದಂತೆ. ಕೆಲವು ತಿಂಗಳಲ್ಲಿ ಸರಿಹೋಯಿತು. ಮೊದಲ ತಿಂಗಳಂತೂ ಹೈವೇಯೇ. ಸಿಕ್ಕಸಿಕ್ಕವರಿಗೆಲ್ಲ ಮಾಡಿಸಿಕೊಳ್ಳಿ ಎಂದು ಶಿಫಾರಸು ಮಾಡಿದೆ.

ಮಾರ್ಚ್ ಹೊತ್ತಿಗೆ ಏನೋ ತಪ್ಪಿತು. ಮೂಗೊಳಗೆ ಹಕ್ಕಳೆ ಕಟ್ಟುವುದು, ಉರಿ, ಎಳೆದ ಗಾಳಿ ನೇರ ಗಂಟಲಿನ ಹಿಂಭಾಗಕ್ಕೆ ಚಾಕುವಿನಂತೆ ಬಡಿಯುವುದು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಉಸಿರು ಎಳೆದರೆ ಉಸಿರು ಎಳೆದಂತೆ ಅನ್ನಿಸುತ್ತಿರಲಿಲ್ಲ. ಗಾಳಿ ಹೋಗುತ್ತಿದೆ, ಎದೆ ಏರುತ್ತಿದೆ, ಆದರೆ ಒಳಗೆ ಹೋದದ್ದರ ಗುರುತೇ ಮೂಗಿಗೆ ಸಿಗುತ್ತಿಲ್ಲ. ನೀರು ಕುಡಿದೂ ಬಾಯಾರಿಕೆ ಹಾಗೇ ಉಳಿದರೆ ಹೇಗೋ ಹಾಗೆ. ರಾತ್ರಿ ನಿದ್ದೆ ಹತ್ತುವ ಕ್ಷಣಕ್ಕೆ ದಡಬಡಿಸಿ ಎದ್ದು ಕೂರುತ್ತಿದ್ದೆ. ಕೌಂಟರಿನಲ್ಲಿ ಕೂತು ನೋಟು ಎಣಿಸುತ್ತಾ ಉಸಿರನ್ನೂ ಎಣಿಸುತ್ತಿದ್ದೆ, ಎರಡೂ ತಪ್ಪುತ್ತಿತ್ತು.

ಮತ್ತೆ ಬೆಂಗಳೂರಿಗೆ ಹೋದೆ. ದುರ್ಬೀನು ಹಾಕಿ ನೋಡಿ, "ಮೂಗು ಫಸ್ಟ್ ಕ್ಲಾಸಾಗಿದೆ ಸಾರ್, ಇಷ್ಟು ಓಪನ್ ಮೂಗು ನನಗೂ ಇಲ್ಲ" ಎಂದರು. ಇನ್ನೊಬ್ಬರು, ಮತ್ತೊಬ್ಬರು, ಎಲ್ಲರದೂ ಅದೇ ರಾಗ. ಮೂರನೆಯವರು ಮನೋವೈದ್ಯರಿಗೆ ಚೀಟಿ ಬರೆದರು. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಮನೋವೈದ್ಯರು ಕೊಟ್ಟ ಮಾತ್ರೆಗಳಿಂದಲೇ ನಾನು ಆ ವರ್ಷ ಕೆಲಸ ಬಿಡದೆ ಉಳಿದೆ. ಉಸಿರು ಸಿಗದವನಿಗೆ ಆತಂಕವಾಗುವುದು ಸಹಜ. ಆದರೆ ಆತಂಕ ಇದೆ, ಆದ್ದರಿಂದ ಮೂಗಿಗೆ ಏನೂ ಆಗಿಲ್ಲ ಎಂದುಬಿಟ್ಟರೆ ಅದು ಲೆಕ್ಕವನ್ನು ತಿರುವುಮುರುವಾಗಿ ಬರೆದಂತೆ. ಮನೆಯಲ್ಲೂ ಮಾತು ಕಡಿಮೆಯಾಯಿತು. ಹೆಂಡತಿ ಒಂದು ದಿನ "ನೀವು ಉಸಿರಾಡ್ತಾನೇ ಇದ್ದೀರಲ್ರೀ" ಅಂದಳು. ಅವಳ ತಪ್ಪೇನೂ ಇಲ್ಲ. ಕಾಣುವುದಿಲ್ಲವಲ್ಲ.

ಮೊದಲ ಸುಳಿವು ಸಿಕ್ಕಿದ್ದು ಮಳೆಯಲ್ಲಿ. ಆ ಜುಲೈಯಲ್ಲಿ ಊರಿಗೆ ಹೋದೆ. ಮೂರು ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿತ್ತು, ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು. ಜಗುಲಿಯಲ್ಲಿ ಕೂತವನಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿತು. ಪೂರ್ತಿಯಲ್ಲ, ಅರ್ಧ. ಅಮ್ಮ "ಮೂಗಿಗೆ ಎರಡು ಹನಿ ತುಪ್ಪ ಬಿಟ್ಕಳೋ, ಎಲ್ಲಾ ಸರಿಯಾಗ್ತು" ಎಂದಳು. ಬಿಟ್ಟುಕೊಂಡೆ, ಹಿತವೆನಿಸಿತು. ಬಳ್ಳಾರಿಗೆ ಬಂದ ಎರಡನೇ ದಿನ ಮತ್ತೆ ಅದೇ ಕತೆ. ಎರಡನೇ ಸುಳಿವು 2020ರಲ್ಲಿ. ಊರಿಗೆ ಊರೇ ಮಾಸ್ಕಿಗೆ ಶಾಪ ಹಾಕುತ್ತಿದ್ದಾಗ ನಾನು ಮಾತ್ರ ರಾತ್ರಿ ಮಲಗುವಾಗಲೂ ಅದನ್ನು ಬಿಚ್ಚಲು ಒಪ್ಪಲಿಲ್ಲ. ನನ್ನ ಉಸಿರಿನ ತೇವ ಬಟ್ಟೆಯಲ್ಲಿ ನಿಂತು ನನಗೇ ವಾಪಸು ಬರುತ್ತಿತ್ತು.

2021ರ ಆರಂಭದಲ್ಲಿ ನೋಡಿದ ಡಾಕ್ಟರು ಸರ್ಕಾರಿ ಮೆಡಿಕಲ್ ಕಾಲೇಜಿನಿಂದ ನಿವೃತ್ತರಾದವರು, ನಿಧಾನದ ಮನುಷ್ಯ. ಈ ಎರಡು ಸಂಗತಿ ಹೇಳಿದ್ದೇ ಪೆನ್ನು ಕೆಳಗಿಟ್ಟರು. ಹತ್ತಿಯನ್ನು ಸಲೈನಿನಲ್ಲಿ ಅದ್ದಿ, ಹಿಂಡಿ, ಇಕ್ಕಳದಲ್ಲಿ ಹಿಡಿದು ಎರಡೂ ಹೊಳ್ಳೆಯ ಒಳಗೆ, ಕೆಳಗಿನ ಟರ್ಬಿನೇಟ್ ಇರಬೇಕಾದ ಜಾಗದಲ್ಲಿ ಇಟ್ಟರು. "ಅರ್ಧ ಗಂಟೆ ಹೊರಗೆ ಕೂತಿರಿ, ಏನೂ ಯೋಚಿಸಬೇಡಿ." ಕಾರಿಡಾರಿನ ಬೆಂಚಿನಲ್ಲಿ ಕೂತೆ. ಎದುರಿಗೆ ಕಿವಿನೋವಿಗೆ ಅಳುವ ಒಂದು ಮಗು. ಅದರ ತಾಯಿ ಚಕ್ಕುಲಿ ಮುರಿದು ಮುರಿದು ಅದರ ಬಾಯಿಗಿಡುತ್ತಿದ್ದಳು. ಚಕ್ಕುಲಿಯ ಮೇಲಿನ ಎಳ್ಳನ್ನು ನೋಡುತ್ತಾ ಕೂತಿದ್ದವನಿಗೆ ಹತ್ತು ನಿಮಿಷದ ಮೇಲೆ ತಿಳಿಯಿತು: ನಾನು ಉಸಿರಿನ ಬಗ್ಗೆ ಯೋಚಿಸುತ್ತಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ. ಮೂಗಿಗೆ ಹತ್ತಿ ತುರುಕಿದೆ, ಉಸಿರು ಸಿಕ್ಕಿದೆ! ಅಲ್ಲೇ ಕೂತು ಅತ್ತೆ. ಮಗು ಅಳು ನಿಲ್ಲಿಸಿ ನನ್ನನ್ನೇ ನೋಡಿತು.

"ನಿಮ್ಮ ತಲೆ ಸರಿಯಾಗಿದೆ, ಮೂಗು ಖಾಲಿಯಾಗಿದೆ" ಎಂದರು ಡಾಕ್ಟರು. ಇದಕ್ಕೆ ಎಂಪ್ಟಿ ನೋಸ್ ಸಿಂಡ್ರೋಮ್ ಎಂದು ಹೆಸರು, ಖಾಲಿ ಮೂಗಿನ ಬೇನೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಯೂಜೀನ್ ಕರ್ನ್ ಮತ್ತು ಮೋನಿಕಾ ಸ್ಟೆನ್‌ಕ್ವಿಸ್ಟ್ 1994ರಲ್ಲಿ ಇಟ್ಟ ಹೆಸರು. ಉಸಿರು ಹೋಗುತ್ತಿದೆ ಎಂಬ ಅರಿವು ನಮಗೆ ಬರುವುದು ಗಾಳಿ ಸೋಕಿ ಮೂಗಿನ ಒಳಪೊರೆ ತಣ್ಣಗಾದಾಗ. ಆ ತಂಪನ್ನು ಗುರುತಿಸುವ ನರತುದಿಗಳು ಆ ಪೊರೆಯಲ್ಲೇ ಇವೆ. ವಿಕ್ಸ್ ಹಚ್ಚಿದರೆ ದಾರಿ ಕೂದಲೆಳೆಯಷ್ಟೂ ಅಗಲವಾಗದೆಯೇ ಮೂಗು ತೆರೆದಂತೆ ಅನ್ನಿಸುವುದು ಅದರ ಮೆಂಥಾಲ್ ಆ ನರತುದಿಗಳನ್ನೇ ತಟ್ಟುವುದರಿಂದ. ಪೊರೆಯನ್ನೇ ಕತ್ತರಿಸಿದರೆ ಗಾಳಿ ಹೋಗುತ್ತದೆ, ಸುದ್ದಿ ಮುಟ್ಟುವುದಿಲ್ಲ. ಟರ್ಬಿನೇಟ್ ತೆಗೆಸಿಕೊಂಡ ಎಲ್ಲರಿಗೂ ಹೀಗಾಗುವುದಿಲ್ಲ, ಬಹುಪಾಲು ಜನ ಸುಖವಾಗಿಯೇ ಇರುತ್ತಾರೆ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಈಗ ಅಂಗವನ್ನು ಉಳಿಸಿ, ಪೊರೆಗೆ ಗಾಯ ಮಾಡದೆ ಒಳಗಿನಿಂದ ಮಾತ್ರ ಸಣ್ಣದು ಮಾಡುವುದು ಲೇಸು ಎನ್ನುವ ವೈದ್ಯರೇ ಹೆಚ್ಚು.

ಕಳೆದುಹೋದ ಟರ್ಬಿನೇಟ್ ಮರಳಿ ಬರುವುದಿಲ್ಲ. ದಿನಕ್ಕೆ ಮೂರು ಸಲ ಸಲೈನಿನಿಂದ ಮೂಗು ತೊಳೆಯುತ್ತೇನೆ, ಗ್ಲಿಸರಿನ್‌ನಲ್ಲಿ ಗ್ಲೂಕೋಸ್ ಬೆರೆಸಿದ ಹನಿ ಬಿಟ್ಟುಕೊಳ್ಳುತ್ತೇನೆ, ಮಲಗುವ ಕೋಣೆಯಲ್ಲಿ ತೇವದ ಯಂತ್ರ ಇಟ್ಟಿದ್ದೇನೆ. ಅಮ್ಮನ ತುಪ್ಪ ಬೇಡ, ಮಲಗಿ ಬಿಟ್ಟುಕೊಂಡ ಜಿಡ್ಡು ಶ್ವಾಸಕೋಶಕ್ಕೆ ಇಳಿಯಬಹುದು ಎಂದರು ಡಾಕ್ಟರು. ಪಕ್ಕೆಲುಬಿನ ಮೃದ್ವಸ್ಥಿ ಇಟ್ಟು ಮೂಗನ್ನು ಕಿರಿದು ಮಾಡುವ ಆಪರೇಷನ್ನೂ ಇದೆ. ಮತ್ತೊಂದು ಸಹಿಗೆ ನನಗೆ ಇನ್ನೂ ಧೈರ್ಯ ಬಂದಿಲ್ಲ.

ಆಮೇಲೆ ಆಸ್ಪತ್ರೆಗೆ ಬರೆದು ನನ್ನ ಫೈಲ್ ಕೇಳಿದೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ಕಾಪಾಡಬೇಕು ಎಂದು 2002ರ ವೈದ್ಯಕೀಯ ಮಂಡಳಿ ನಿಯಮಗಳಲ್ಲೇ ಇದೆ. ಕೊಟ್ಟರು. ಒಪ್ಪಿಗೆ ಪತ್ರದ ಎರಡನೇ ಹಾಳೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ರಕ್ತಸ್ರಾವ, ಸೋಂಕು, ನಡುಗೋಡೆಯಲ್ಲಿ ತೂತು, ವಾಸನೆ ಹೋಗುವುದು, ಇವುಗಳ ಬಾಲಕ್ಕೆ ಇತ್ತು: ಡ್ರೈನೆಸ್, ಕ್ರಸ್ಟಿಂಗ್, ಆಟ್ರೋಫಿಕ್ ರೈನೈಟಿಸ್. ಅಂದರೆ ಒಣಗುವುದು, ಹಕ್ಕಳೆ ಕಟ್ಟುವುದು, ಮೂಗಿನ ಒಳಪೊರೆ ಸೊರಗುವುದು. ಅದರ ಕೆಳಗೆ ನನ್ನ ಸಹಿ. ಸಹಿಯ ಪಕ್ಕ ಅಳಿಸಲು ಮರೆತ ಪೆನ್ಸಿಲ್ ಇಂಟು, ಜೆರಾಕ್ಸಿನಲ್ಲೂ ಮಾಸಲಾಗಿ ಕಾಣುತ್ತಿತ್ತು.

ವಕೀಲ ಮಿತ್ರರೊಬ್ಬರು ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಓದಿಸಿದರು. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ಮುಖ್ಯ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ ಎಂದು ರೋಗಿಗೆ ತಿಳಿಸಿ ಪಡೆದದ್ದೇ ಒಪ್ಪಿಗೆ. ತೀರಾ ದೂರದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ನನ್ನದು ಮುಖ್ಯವೋ ದೂರದ್ದೋ ಎಂದು ಕೋರ್ಟಿನಲ್ಲಿ ಹಗ್ಗ ಎಳೆಯುವ ಶಕ್ತಿ ನನಗಿರಲಿಲ್ಲ, ಬಿಟ್ಟೆ. ತೊಡಕು ಆದಲ್ಲೆಲ್ಲ ವೈದ್ಯರ ತಪ್ಪು ಇರುತ್ತದೆ ಎಂದೂ ನಾನು ಹೇಳಲಾರೆ. ಕೈ ಚೆನ್ನಾಗಿದ್ದವರಲ್ಲೂ ಗೋಡೆ ತೂತಾಗಿ ಉಸಿರಿಗೊಮ್ಮೆ ಸಿಳ್ಳೆ ಹೊಡೆಯುವುದುಂಟು. ಸೈನಸ್ ಆಪರೇಷನ್ ಆದವರಿಗೆ ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂತೆ ಉಪ್ಪುಪ್ಪು ತೊಟ್ಟಿಕ್ಕಿದರೆ ಅದು ಶೀತವಲ್ಲ, ಮಿದುಳಿನ ಸುತ್ತಲಿನ ದ್ರವ ಇರಬಹುದು. ಅಂದೇ ಓಡಬೇಕು. ಕಣ್ಣು ಊದಿದರೂ, ನೋಟ ಮಸುಕಾದರೂ ಅಷ್ಟೇ. ಇದನ್ನು ಡಿಸ್ಚಾರ್ಜಿನ ದಿನ ಮಾತ್ರೆ ಚೀಟಿಯ ಜೊತೆ ಎರಡು ವಾಕ್ಯದಲ್ಲಿ ಹೇಳಿ ಕಳಿಸಲು ಎಷ್ಟು ಹೊತ್ತು ಬೇಕು? ನನ್ನ ಆಕ್ಷೇಪ ಅಷ್ಟಕ್ಕೇ.

ಹೋದ ವರ್ಷ ಅಣ್ಣನ ಮಗ ಶಿವಮೊಗ್ಗದಿಂದ ಫೋನ್ ಮಾಡಿದ. "ಚಿಕ್ಕಪ್ಪ, ಮೂಗಲ್ಲಿ ಮಾಂಸ ಬೆಳೆದಿದೆಯಂತೆ, ತೆಗಿಬೇಕಂತೆ." ನನಗೆ ಕೈ ನಡುಗಿತು. ಹೋಗಬೇಡ ಎನ್ನಲು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಡ್ರಾಪ್ಸ್ ಬಿಟ್ಟುಕೊಳ್ಳುತ್ತೀಯೇನೋ ಎಂದು ಕೇಳಿದೆ. ಬಿಟ್ಟುಕೊಳ್ಳುತ್ತಿದ್ದ, ನನ್ನ ಹಾಗೆಯೇ. ಅದನ್ನು ಡಾಕ್ಟರಿಗೆ ಹೇಳು, ತೆಗೆಯುವುದು ಪಾಲಿಪ್ಪೋ ಟರ್ಬಿನೇಟೋ ಕೇಳು, ಎಷ್ಟು ತೆಗೆಯುತ್ತೀರಿ ಎಷ್ಟು ಉಳಿಸುತ್ತೀರಿ ಕೇಳು, ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಮನೆಗೆ ಕೊಡಿ ಅನ್ನು ಎಂದೆ. ಡಾಕ್ಟರು ಬೈಯುತ್ತಾರೇನೋ ಎಂದು ಅವನಿಗೆ ಹೆದರಿಕೆ. ಬೈಯಲಿಲ್ಲ. ಚೀಟಿಯ ಹಿಂಬದಿಯಲ್ಲಿ ಮೂಗಿನ ಚಿತ್ರ ಬರೆದು ತೋರಿಸಿದರಂತೆ. ಡ್ರಾಪ್ಸ್ ಬಿಡಿಸಿ ಮೂರು ತಿಂಗಳು ಬೇರೆ ಸ್ಪ್ರೇ ಹಾಕಿಸಿದರು. ಊತ ಅರ್ಧ ಇಳಿಯಿತು. ಆಮೇಲೆ ನಡುಗೋಡೆ ಮಾತ್ರ ನೆಟ್ಟಗೆ ಮಾಡಿ, ಟರ್ಬಿನೇಟನ್ನು ಕತ್ತರಿಸದೆ ತುಸು ಪಕ್ಕಕ್ಕೆ ಸರಿಸಿ ಕಳಿಸಿದರು. ಮೊನ್ನೆ ಹಬ್ಬಕ್ಕೆ ಬಂದಿದ್ದ, ಬಾಯಿ ಮುಚ್ಚಿಕೊಂಡು ಊಟ ಮಾಡುತ್ತಾನೆ, ಕಾಫಿ ಪುಡಿಯ ವಾಸನೆಗೆ ಅಡುಗೆಮನೆಗೆ ಎದ್ದು ಬರುತ್ತಾನೆ.

"ಗೊರಕೆ ಮಾತ್ರ ಹೋಗಿಲ್ಲ ಚಿಕ್ಕಪ್ಪ" ಎಂದಳು ಅವನ ಹೆಂಡತಿ. ಅದನ್ನು ಕೇಳಲು ನಾವಿಬ್ಬರೂ ಮರೆತಿದ್ದೆವು.