ಕಾರ್ಯಕ್ರಮಕ್ಕೆ ಸೇರಿ, ಲೆಕ್ಕವನ್ನೂ ಕೇಳಿ

ಬಿಪಿ, ಸಕ್ಕರೆ ಕಾಯಿಲೆ ಇರುವವರಿಗಾಗಿ ನಿಮ್ಮ ಊರಲ್ಲೂ ಆರೋಗ್ಯಕರ ಜೀವನಶೈಲಿಯ ಕಾರ್ಯಕ್ರಮ ಶುರುವಾಗಬಹುದು. ಖಂಡಿತ ಸೇರಿ. ಆದರೆ ಕೆಲವು ತಿಂಗಳ ನಂತರ ‘ಎಲ್ಲರ ಬಿಪಿ ಇಳಿದಿದೆ’ ಎಂದು ಯಾರಾದರೂ ಹೇಳಿದರೆ, ಸೇರದವರ ಬಿಪಿ ಏನಾಯಿತು ಎಂದೂ ಕೇಳಿ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ, ಅಧಿಕ ರಕ್ತದೊತ್ತಡವಿದ್ದ 2,645 ಮಂದಿಯನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕಡೆ ಸರ್ಕಾರಿ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಊಟ, ವ್ಯಾಯಾಮ, ಮಾತ್ರೆಗಳ ಬಗ್ಗೆ ಕೂತು ಮಾತಾಡಿದರು. ಒತ್ತಡ ತೀರಾ ಹೆಚ್ಚಿದ್ದವರನ್ನು ತರಬೇತಿ ಪಡೆದ ವೈದ್ಯರ ಬಳಿ ಕಳಿಸಿದರು. ಅಲ್ಲಿ ಮೇಲಿನ ಒತ್ತಡ ಸರಾಸರಿ 9 ಅಂಕ ಇಳಿಯಿತು. ಆದರೆ ಎಂದಿನ ಚಿಕಿತ್ಸೆಯಷ್ಟೇ ಇದ್ದ ಕಡೆಗಳಲ್ಲೂ ಸುಮಾರು 4 ಅಂಕ ಇಳಿದಿತ್ತು. ಹೋಲಿಸಿ ನೋಡದಿದ್ದರೆ ಪೂರ್ತಿ 9 ಅಂಕದ ಶ್ರೇಯಸ್ಸು ಕಾರ್ಯಕ್ರಮಕ್ಕೇ ಸಲ್ಲುತ್ತಿತ್ತು. ನಿಜಕ್ಕೂ ಅದರ ಪಾಲು 5ರ ಆಸುಪಾಸು.

ಐದೇ ಅಂಕವೇ ಎಂದು ಹಗುರವಾಗಿ ಕಾಣಬೇಡಿ. ಔಷಧಿಯಿಂದ ಮೇಲಿನ ಒತ್ತಡ 5 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಸುಮಾರು ಶೇ 10ರಷ್ಟು ತಗ್ಗುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹೋಲಿಕೆಗಾಗಿ ಒಂದೂರಿಗೆ ಕಾರ್ಯಕ್ರಮ ಕೊಟ್ಟು ಇನ್ನೊಂದೂರನ್ನು ಬಿಡುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪ ತೂಕದ್ದೇ. ಆದರೆ ಆ ಅಧ್ಯಯನದಲ್ಲಿ ಯಾರಿಗೂ ಇದ್ದ ಚಿಕಿತ್ಸೆ ತಪ್ಪಲಿಲ್ಲ. ಪ್ರಯೋಜನ ಖಚಿತವಾಗದ ಕಾರ್ಯಕ್ರಮಕ್ಕೆ ಆಶಾ ಕಾರ್ಯಕರ್ತೆಯರ ದುಡಿಮೆಯನ್ನೂ ಜನರ ತೆರಿಗೆ ಹಣವನ್ನೂ ವರ್ಷಗಟ್ಟಲೆ ಸುರಿಯುವುದು ಇನ್ನೂ ದೊಡ್ಡ ಅನ್ಯಾಯ. ಹಾಗಾಗಿ ನಿಮ್ಮ ಊರು ಹೋಲಿಕೆಯ ಪಟ್ಟಿಗೆ ಬಿದ್ದರೂ ಅಳೆಯಲು ಬಂದವರಿಗೆ ಸಹಕರಿಸಿ, ನಡುವೆ ಬಿಡಬೇಡಿ. ವೈದ್ಯರನ್ನು ಕೇಳದೆ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.