ಗ್ರಾನೈಟ್ ಬಂಡೆಯ ಮಾರ್ಪಾಡೂ ಬಾವಿಯ ನೀರಿನ ಗುಣವೂ

ಬಂಡೆಯ ಸೀಮೆಯಲ್ಲಿ ಬಾವಿ ತೆಗೆಸುವ ಭೂಮಾಲೀಕರು ನೀರು ಎಷ್ಟು ದೊರೆಯುವುದೆಂದು ವಿಚಾರಿಸುವರೇ ಹೊರತು, ಅದು ಕುಡಿಯಲು ಯೋಗ್ಯವೇ ಎಂದು ವಿಚಾರಿಸುವವರು ವಿರಳ. ನೀರಿನ ಗುಣವು ಬಹುಮಟ್ಟಿಗೆ ಅದು ಹಾದುಬರುವ ಕಲ್ಲನ್ನು ಅವಲಂಬಿಸಿರುವುದರಿಂದ, ಆ ಕಲ್ಲಿನ ಸಂಗತಿಯನ್ನು ಇಲ್ಲಿ ವಿವರಿಸಿದೆ.

1. ಕಲ್ಲಿನ ಹುಟ್ಟು: ರಾಮನಗರದ ಬೆಟ್ಟಗಳ ಶಿಲೆಗೆ, ಆ ಊರಿನ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಇದು ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಹಬ್ಬಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇದು ಕರಗಿದ ಪಾಕವಾಗಿ ಮೇಲೇರಿ, ಭೂಮಿಯ ಒಳಗೇ ನಿಧಾನವಾಗಿ ಆರಿ ಗಟ್ಟಿಯಾಯಿತು.

2. ಉಳಿದ ದ್ರವ: ಸಕ್ಕರೆಯು ಹರಳುಗಟ್ಟಿದ ಮೇಲೆ ಕಾಕಂಬಿಯು ಉಳಿಯುವಂತೆ, ಇಂತಹ ಪಾಕದಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್, ಬೆಣಚುಗಳು ಹರಳುಗಟ್ಟುತ್ತ ಬಂದಂತೆ ನೀರೂ ಫ್ಲೋರಿನ್ ಮೊದಲಾದ ಪದಾರ್ಥಗಳೂ ಕೊನೆಯ ದ್ರವದಲ್ಲಿ ಸೇರುತ್ತವೆ. ಫ್ಲೋರಿನ್ನಿನ ಒಂದು ಭಾಗವು ಅಭ್ರಕದಲ್ಲಿಯೂ ಅಪಟೈಟ್ ಎಂಬ ಖನಿಜದಲ್ಲಿಯೂ ನೆಲೆಸುತ್ತದೆ.

3. ಮಾರ್ಪಾಡು: ಈ ಬಿಸಿ ದ್ರವವು ಆರುತ್ತಿರುವ ಕಲ್ಲಿನ ಬಿರುಕುಗಳಲ್ಲಿ ನುಗ್ಗಿ ಹರಳುಗಳನ್ನು ಬದಲಾಯಿಸುತ್ತದೆ. ಫೆಲ್ಡ್‌ಸ್ಪಾರ್ ಮಂಕಾಗಿ ನವುರಾದ ಬಿಳಿಯ ಅಭ್ರಕವಾಗುತ್ತದೆ. ಕಪ್ಪು ಅಭ್ರಕವು ಹಸಿರು ಖನಿಜವಾಗುತ್ತದೆ. ಕೆಲವು ಗ್ರಾನೈಟುಗಳಲ್ಲಿ ಫ್ಲೋರಿನ್ ಸುಣ್ಣದ ಅಂಶದೊಡನೆ ಕೂಡಿ, ಬಿರುಕುಗಳಲ್ಲಿ ಫ್ಲೋರೈಟ್ ಆಗಿ ನಿಲ್ಲುತ್ತದೆ.

4. ಬಾವಿಗೆ ಸಂಬಂಧ: ಮಳೆಯ ನೀರು ಅಂತಹ ಬಿರುಕುಗಳಲ್ಲಿ ಬಹುಕಾಲ ನಿಂತರೆ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಸುಣ್ಣದ ಅಂಶ ಕಡಮೆಯಾಗಿ ಕ್ಷಾರವು ಹೆಚ್ಚಿದ ನೀರಿನಲ್ಲಿ ಇದು ಅಧಿಕ. ಮಳೆ ಕಡಮೆಯಾದ ಪಾವಗಡದ ಸೀಮೆಯಲ್ಲಿ ಈ ತೊಂದರೆಯು ಪ್ರಸಿದ್ಧವಾದುದು. ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಮನ್ನು ಮೀರದಿರುವುದು ಲೇಸು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಮು ಕಡೆಯ ಮಿತಿ. ಬಹುಕಾಲ ಇದನ್ನು ಮೀರಿದ ನೀರನ್ನು ಕುಡಿದರೆ ಬೆಳೆಯುವ ಮಕ್ಕಳ ಹಲ್ಲುಗಳು ಕಲೆಗಟ್ಟುವುವು; ಪ್ರಮಾಣವು ಬಹಳ ಹೆಚ್ಚಿದ್ದಲ್ಲಿ ದೊಡ್ಡವರ ಕೀಲುಗಳೂ ಬೆನ್ನೂ ಬಿಗಿಯುವುವು. ಈ ಕಲೆಯಾಗಲಿ ಬಿಗಿತವಾಗಲಿ ಮತ್ತೆ ಹೋಗುವಂತಹುದಲ್ಲ.

5. ಮಾಡತಕ್ಕ ಕೆಲಸ: ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವುದಿಲ್ಲ. ಕಲ್ಲಿನ ಬಣ್ಣವನ್ನು ನೋಡಿಯೂ ನಿರ್ಧರಿಸಲಾಗದು. ಆದುದರಿಂದ ಹೊಸ ಬಾವಿಯ ನೀರನ್ನು ಕುಡಿಯುವ ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಕೊಳವೆ ಬಾವಿಯನ್ನು ಇನ್ನೂ ಆಳಕ್ಕೆ ಇಳಿಸಿದರೆ ದೋಷವು ಹೋಗುವುದೆಂದು ನಂಬಬಾರದು. ನೀರನ್ನು ಕಾಯಿಸುವುದರಿಂದಲೂ ಫ್ಲೋರೈಡು ಹೋಗದು. ನೀರು ಇಂಗಿದಷ್ಟೂ ಅದರ ಪ್ರಮಾಣವು ಹೆಚ್ಚುವುದು. ದೋಷವು ಕಂಡುಬಂದಲ್ಲಿ ಆ ಬಾವಿಯನ್ನು ಕುಡಿಯಲೂ ಅಡಿಗೆಗೂ ಬಿಟ್ಟು, ಚೊಕ್ಕವಾದ ಛಾವಣಿಯ ಮಳೆನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಡುವುದು ಉತ್ತಮ.

ಗ್ರಾಮದ ಮುಖಂಡರು ಮೊದಲು ಶಾಲೆಯ ಮಕ್ಕಳ ಹಲ್ಲುಗಳನ್ನು ನೋಡಲಿ. ಅನೇಕರಲ್ಲಿ ಕಲೆಯು ಕಂಡರೆ, ಊರಿನ ಎಲ್ಲ ಬಾವಿಗಳ ನೀರನ್ನೂ ತಡಮಾಡದೆ ಪರೀಕ್ಷೆಗೆ ಕಳುಹಿಸಲಿ.