ಮಹಾನಗರದ ಬಾಳು: ಲಾಭವೆಷ್ಟು, ನಷ್ಟವೆಷ್ಟು?

ನಮ್ಮ ಶಾಲೆಯ ಸಾಹಿತ್ಯ ಸಂಘದಲ್ಲಿ ವರ್ಷಕ್ಕೊಮ್ಮೆಯಾದರೂ 'ಪಟ್ಟಣವಾಸ ಮೇಲೋ, ಗ್ರಾಮವಾಸ ಮೇಲೋ' ಎಂಬ ಚರ್ಚಾಕೂಟ ನಡೆಯುವುದುಂಟು. ತೀರ್ಪುಗಾರನಾಗಿ ನಾನು ಅನೇಕ ಬಾರಿ ಕುಳಿತಿದ್ದೇನೆ. ಪಟ್ಟಣದ ಪರವಾಗಿ ಮಾತನಾಡುವವರು ಕಾಲೇಜು, ಆಸ್ಪತ್ರೆ, ಉದ್ಯೋಗ ಎನ್ನುತ್ತಾರೆ. ಗ್ರಾಮದ ಪರವಾಗಿ ಮಾತನಾಡುವವರು ಶುದ್ಧವಾದ ಗಾಳಿ, ಹಸುರು ಗದ್ದೆ, ಹಕ್ಕಿಗಳ ಇಂಚರ ಎನ್ನುತ್ತಾರೆ. ಹೆಚ್ಚಾಗಿ ಗ್ರಾಮವೇ ಗೆಲ್ಲುತ್ತದೆ. ಆದರೆ ಹಾಗೆ ಗ್ರಾಮವನ್ನು ಗೆಲ್ಲಿಸಿ ಬಹುಮಾನ ಪಡೆದ ಹುಡುಗರಲ್ಲಿ ಬಹಳ ಮಂದಿ ಇಂದು ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ದುಬಾಯಿಯಲ್ಲಿಯೋ ಇದ್ದಾರೆ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ನಾನೂ ಒಂದು ಕಾಲಕ್ಕೆ ಹಾಗೆ ಬಹುಮಾನ ಪಡೆದು ಊರು ಬಿಟ್ಟವನೇ.

ಈ ವಿಷಯವನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡಿದವರು ಒಬ್ಬ ತಾಯಿ. ಕಳೆದ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ಅವರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬೀಡಿ ಕಟ್ಟಿ ಮಗನನ್ನು ಓದಿಸಿದ ಹೆಂಗಸು. "ಮಾಷ್ಟ್ರೇ, ನನ್ನ ಅಣ್ಣ ಡೊಂಬಿವಿಲಿಯಲ್ಲಿ ಇದ್ದಾನಲ್ಲ, ಹುಡುಗನನ್ನು ಈಗಲೇ ಕಳಿಸು, ಅಲ್ಲಿಯೇ ಕಾಲೇಜಿಗೆ ಸೇರಿಸುವಾ, ಬಿಡುವಿನಲ್ಲಿ ನನ್ನ ಅಂಗಡಿಯಲ್ಲಿ ಕೂತುಕೊಳ್ಳಲಿ ಅಂತಾನೆ. ಕಳಿಸುವುದಾ ಬೇಡವಾ? ನೀವು ಅಲ್ಲಿ ಇದ್ದು ಬಂದವರಲ್ವಾ?" ಎಂದು ಕೇಳಿದರು. ಹೌದು ಎನ್ನುವುದೂ ಅಲ್ಲ ಎನ್ನುವುದೂ ನನಗೆ ಸುಲಭವಾಗಲಿಲ್ಲ. ಕಾಗದ, ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕತೊಡಗಿದೆ. ಆ ಲೆಕ್ಕವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ನಾನು ಮುಂಬಯಿಗೆ ಹೋದದ್ದು 1984ರ ಜೂನ್ ತಿಂಗಳಲ್ಲಿ. ಆ ವರ್ಷದ ಮೇ 24ರಂದು ತಾನೇ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿತ್ತು. ಊರಿಗೆ ಜಿಲ್ಲಾ ಕಚೇರಿ ಬರುವ ಹೊತ್ತಿಗೆ ನಾವು ಪೆಟ್ಟಿಗೆ ಕಟ್ಟಿದ್ದೆವು! ಆಗ ಕೊಂಕಣ ರೈಲು ಇರಲಿಲ್ಲ. ಆ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಇಳಿಯುವಾಗ ಕಾಲು ಬಾತುಹೋಗಿತ್ತು. ನನ್ನ ಜತೆಗೆ ಅದೇ ತರಗತಿಯಲ್ಲಿ ಓದಿದ ಇನ್ನೊಬ್ಬ ಗೆಳೆಯನೂ ಇದ್ದ.

ಮೊದಲು ಸ್ಥಳದ ಲೆಕ್ಕ. ಕುರ್ಲಾದ ಒಂದು ಚಾಳಿನಲ್ಲಿ ನಮ್ಮ ಸೋದರಮಾವನ ಖೋಲಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅಂದರೆ 120 ಚದರಡಿ. ವಾಸಿಸುವವರು ಏಳು ಮಂದಿ. ಮೂರಡಿ ಅಗಲ, ಆರಡಿ ಉದ್ದದ ಒಂದು ಚಾಪೆಗೆ 18 ಚದರಡಿ ಬೇಕು. ಆರು ಚಾಪೆ ಹಾಸಿದರೆ 108 ಚದರಡಿ ಮುಗಿಯಿತು. ಉಳಿದ ಹನ್ನೆರಡರಲ್ಲಿ ಸೀಮೆಎಣ್ಣೆಯ ಸ್ಟೌ, ನೀರಿನ ಪೀಪಾಯಿ, ಟ್ರಂಕುಗಳು. ಏಳನೆಯವನು ಸರದಿಯ ಮೇಲೆ ಹೊರಗಿನ ಸಾಮೂಹಿಕ ಜಗಲಿಯಲ್ಲಿ ಮಲಗಬೇಕು. ಮಳೆಗಾಲದಲ್ಲಿ ಏಳನೆಯವನು ಬಾಗಿಲಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಊರಿನಲ್ಲಿ ನಮ್ಮದು ಬಡ ಮನೆ; ಆದರೂ ಅಂಗಳದಲ್ಲಿ ಅಡಿಕೆ ಒಣಹಾಕುವಷ್ಟು ಜಾಗವಿತ್ತು. ಜಾಗಕ್ಕೂ ಬೆಲೆಯುಂಟೆಂದು ನನಗೆ ಗೊತ್ತಾದದ್ದು ಕುರ್ಲಾದಲ್ಲಿ.

ನೀರಿನ ಲೆಕ್ಕ ಹೆಚ್ಚು ಸ್ವಾರಸ್ಯವಾದುದು. ನಮ್ಮ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡವಾಗಿ ಕೊರೆದು ಮಾಡಿದ ಸುರಂಗಗಳನ್ನು ನೀವೆಲ್ಲ ನೋಡಿದ್ದೀರಿ. ಪಂಪು ಬೇಡ, ಕರೆಂಟು ಬೇಡ. ಒಳಗೆ ಒಸರಿದ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಮುಂಬಯಿಗೆ ನೀರು ಬರುವುದು ವಿಹಾರ, ತುಳಸಿ, ತಾನಸಾ, ವೈತರಣಾ, ಭಾತಸಾ ಮುಂತಾದ ಏಳು ಜಲಾಶಯಗಳಿಂದ. ವಿಹಾರದ ಕೆರೆ 1860ರಲ್ಲಿಯೇ ಸಿದ್ಧವಾಯಿತು. ಆಮೇಲೆ ನಗರ ಬೆಳೆದ ಹಾಗೆಲ್ಲ ಕೊಳವೆಗಳು ದೂರ ದೂರದ ಗುಡ್ಡಗಳ ಕಡೆಗೆ ಕೈ ಚಾಚಿದವು. ಈಗ ದಿನಕ್ಕೆ ಸುಮಾರು 385 ಕೋಟಿ ಲೀಟರು ನೀರು ಹಾಗೆ ಬರುತ್ತದೆ. ಇಷ್ಟಾದರೂ ನಮ್ಮ ಚಾಳಿನ ನಲ್ಲಿ ಬಿಡುತ್ತಿದ್ದದ್ದು ಬೆಳಗಿನ ಜಾವ ನಾಲ್ಕೂವರೆಗೆ, ಒಂದು ಗಂಟೆಯ ಹೊತ್ತು ಮಾತ್ರ. ಎಚ್ಚರ ತಪ್ಪಿದವನಿಗೆ ಆ ದಿನ ಸ್ನಾನವಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು: ಏಪ್ರಿಲ್ ತಿಂಗಳಲ್ಲಿ ನಮ್ಮ ಸುರಂಗ ಬೆರಳು ಗಾತ್ರಕ್ಕೆ ಇಳಿದಾಗ ಕೊಡ ಹೊತ್ತು ಗುಡ್ಡ ಹತ್ತಿದವರು ನಮ್ಮ ತಾಯಿ, ಅಕ್ಕಂದಿರು. ಚರ್ಚಾಕೂಟದಲ್ಲಿ ಗ್ರಾಮವನ್ನು ಹೊಗಳುವ ಹುಡುಗರು ಆ ಕೊಡವನ್ನು ಹೊತ್ತವರಲ್ಲ.

ಇನ್ನು ಹೊತ್ತಿನ ಲೆಕ್ಕ. ನನ್ನ ದೃಷ್ಟಿಯಲ್ಲಿ ಮಹಾನಗರ ವಸೂಲಿ ಮಾಡುವ ಅತಿ ದೊಡ್ಡ ತೆರಿಗೆ ಇದೇ. ಆ ತಾಯಿಯ ಅಣ್ಣನಿರುವ ಡೊಂಬಿವಿಲಿಯಿಂದ ದಾದರಿನ ಕಾಲೇಜಿಗೋ ಕೆಲಸಕ್ಕೋ ಹೋಗುವವನಿಗೆ ಮನೆಯ ಬಾಗಿಲಿನಿಂದ ಆ ಬಾಗಿಲಿಗೆ ಒಂದೂವರೆ ಗಂಟೆ ಎಂದು ಹಿಡಿಯೋಣ. ಹೋಗಿ ಬರಲು ಮೂರು ಗಂಟೆ. ವರ್ಷಕ್ಕೆ 300 ದಿನವೆಂದರೆ 900 ಗಂಟೆ. ಇಪ್ಪತ್ತನಾಲ್ಕರಿಂದ ಭಾಗಿಸಿ ನೋಡಿ: ಮೂವತ್ತೇಳೂವರೆ ದಿನ! ಹಗಲೂ ರಾತ್ರಿಯೂ ಸೇರಿ ವರ್ಷದಲ್ಲಿ ಒಂದು ತಿಂಗಳಿಗೆ ಮಿಕ್ಕಿ ರೈಲಿನ ಕಂಬ ಹಿಡಿದು ನಿಂತ ಹಾಗಾಯಿತು. ಮುಂಬಯಿಯ ಲೋಕಲ್ ರೈಲುಗಳಲ್ಲಿ ದಿನಕ್ಕೆ ಎಪ್ಪತ್ತು ಲಕ್ಷದಷ್ಟು ಮಂದಿ ಓಡಾಡುತ್ತಾರೆ; ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಹದಿಮೂರು ಲಕ್ಷ ಎಂಬುದನ್ನು ನೆನೆದರೆ ಆ ನೂಕುನುಗ್ಗಲಿನ ಕಲ್ಪನೆ ಬಂದೀತು. 2010ರ ದಶಕದಲ್ಲಿ ಆ ಹಳಿಗಳ ಮೇಲೆ ಪ್ರತಿವರ್ಷವೂ ಎರಡು ಸಾವಿರಕ್ಕೆ ಮಿಕ್ಕಿ ಜನ ಸತ್ತರು. ಬಾಗಿಲಿಗೆ ಜೋತುಬಿದ್ದು ಹೋಗುವುದು ಶೌರ್ಯವೆಂದು ತಿಳಿದ ಹುಡುಗರನ್ನು ನಾನೇ ನೋಡಿದ್ದೇನೆ. ಹಾಗೆಂದು ಊರಿನಲ್ಲಿದ್ದರೆ ಪ್ರಯಾಣವೇ ಇಲ್ಲವೆಂದು ಭಾವಿಸಬಾರದು. ಪ್ರತಿದಿನ ಐವತ್ತು ಕಿಲೋಮೀಟರು ದೂರದ ಮಂಗಳೂರಿಗೆ ಹೋಗಿ ಓದಿ ಬರುವ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಪಟ್ಟಣದ ಸುಖವಿಲ್ಲದೆ ಪಟ್ಟಣದ ತೆರಿಗೆ ಕಟ್ಟುವವರು ಇವರು.

ಇಷ್ಟು ಬರೆದಾಗ ಆ ತಾಯಿ, "ಹಾಗಾದರೆ ಬೇಡ ಅಲ್ವಾ?" ಎಂದರು. "ಸ್ವಲ್ಪ ತಡೆಯಿರಿ ಅಮ್ಮ, ಕಾಗದದ ಇನ್ನೊಂದು ಮಗ್ಗುಲು ಉಂಟು" ಎಂದೆ.

ನಮ್ಮ ಖೋಲಿಯ ಏಳು ಮಂದಿಯಲ್ಲಿ ನಮ್ಮೂರಿನವರೇ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ಹಿರಿಯರು. ಊರಿನಲ್ಲಿ ಅವರ ತಂದೆಗೆ ದೊಡ್ಡ ಮನೆಗಳ ಅಂಗಳ ದಾಟಿ ಜಗಲಿ ಹತ್ತಲು ಇರಲಿಲ್ಲ. ಕುರ್ಲಾದಲ್ಲಿ ಅವರ ಚಾಪೆಯ ಪಕ್ಕದಲ್ಲಿ ನನ್ನ ಚಾಪೆ. ಒಂದೇ ಪಾತ್ರೆಯ ಗಂಜಿ. ಕೆಲಸದ ಸ್ಥಳದಲ್ಲಿ ಅವರನ್ನು ಎಲ್ಲರೂ 'ಅಣ್ಣ' ಎಂದೇ ಕರೆಯುತ್ತಿದ್ದರು. ಒಮ್ಮೆ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಊರಿಗೆ ಬಂದೆವು. ನಮ್ಮ ಊರಿನ ಬಸ್ಸು ನಿಲ್ಲುವಲ್ಲಿ ಇಳಿದು ನಡೆಯತೊಡಗಿದಾಗ ಅವರು ನನ್ನಿಂದ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಯಾರೂ ಏನೂ ಹೇಳಿರಲಿಲ್ಲ. ಅವರ ಕಾಲಿಗೇ ಗೊತ್ತಿತ್ತು. ನಗರದಲ್ಲಿ ನೆರೆಯವನು ಯಾರೆಂದೇ ಗೊತ್ತಿರುವುದಿಲ್ಲ ಎಂದು ದೂರುವವರ ಮಾತು ಕೇಳಿದಾಗೆಲ್ಲ ನನಗೆ ಆ ಎರಡು ಹೆಜ್ಜೆಗಳ ನೆನಪಾಗುತ್ತದೆ. ಗೊತ್ತಿಲ್ಲದಿರುವುದೂ ಕೆಲವರಿಗೆ ಒಂದು ಬಿಡುಗಡೆ. ಗಾಂಧೀಜಿಯವರು ಭಾರತದ ಭವಿಷ್ಯವನ್ನು ಹಳ್ಳಿಗಳಲ್ಲಿ ಕಂಡರು. ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರನ್ನು ಬಹಳ ಕಟುವಾಗಿ ಟೀಕಿಸಿದರು. ಅವರು ಪರೇಲಿನ ಚಾಳಿನ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ವಾಸಿಸಿದವರು. ಆ ಇಕ್ಕಟ್ಟು ಅರಿಯದೆ ಆಡಿದ ಮಾತಲ್ಲ ಅದು. ಈ ಇಬ್ಬರಲ್ಲಿ ಯಾರು ಸರಿ ಎಂದು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಆದರೆ ಊರಿನಲ್ಲಿ ನಮ್ಮ ನಮ್ಮ ಮನೆ ಎಲ್ಲಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ನಗರದಲ್ಲಿ ಮನುಷ್ಯತ್ವವಿಲ್ಲವೆಂಬುದನ್ನೂ ನಾನು ಒಪ್ಪಲಾರೆ. ಮಲೇರಿಯಾ ಜ್ವರದಲ್ಲಿ ನಾನು ಹತ್ತು ದಿನ ಮಲಗಿದ್ದಾಗ ಗಂಜಿ ಬೇಯಿಸಿ ಕೊಟ್ಟವರು ಪಕ್ಕದ ಖೋಲಿಯ ರತ್ನಾಗಿರಿ ಕಡೆಯ ಅಜ್ಜಿ. ಅವರ ಭಾಷೆ ನನಗೆ ಆಗ ಬರುತ್ತಿರಲಿಲ್ಲ.

ಗ್ರಾಮದ ಶುದ್ಧ ಗಾಳಿಯ ವಿಚಾರದಲ್ಲಿಯೂ ನಾವು, ಅದರಲ್ಲಿಯೂ ಕಾಸರಗೋಡಿನವರು, ಸ್ವಲ್ಪ ಎಚ್ಚರದಿಂದ ಮಾತನಾಡಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂಥ ಹಸುರು ಹಳ್ಳಿಗಳ ಮಕ್ಕಳು ಅದರ ಫಲವನ್ನು ಇಂದಿಗೂ ಅನುಭವಿಸುತ್ತಿದ್ದಾರೆ. ಅವರ ಹೆತ್ತವರು ಚಿಕಿತ್ಸೆಗಾಗಿ ಓಡಬೇಕಾದದ್ದು ಪಟ್ಟಣಗಳಿಗೇ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಸಮಯದಲ್ಲಿ, ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಕೊಂಡರು. ದೊಡ್ಡ ಪಟ್ಟಣ ನಮಗೆ ಬೇಕೋ ಬೇಡವೋ ಎಂಬುದು ಆ ದಿನ ಚರ್ಚೆಯ ವಿಷಯವಾಗಿರಲಿಲ್ಲ. ಅದೇ ತಿಂಗಳಲ್ಲಿ ಮಹಾನಗರಗಳಿಂದ ಲಕ್ಷಾಂತರ ಕೂಲಿಕಾರರು ನಡೆದೇ ತಮ್ಮ ಹಳ್ಳಿಗಳಿಗೆ ಹಿಂದಿರುಗಿದ್ದನ್ನೂ ನಾವು ಕಂಡೆವು. ನಗರ ಕೆಲಸ ಕೊಟ್ಟಿತ್ತು; ಕೆಲಸ ನಿಂತಾಗ ಇರಲು ಎಡೆ ಕೊಡಲಿಲ್ಲ.

ಈ ಅನಿಶ್ಚಿತತೆ ಹೊಸತಲ್ಲ. ನಾನು ಹೋದಾಗ ಪರೇಲ್, ಲಾಲ್‌ಬಾಗ್ ಕಡೆಗಳಲ್ಲಿ ಎಷ್ಟೋ ಗಿರಣಿಗಳ ಚಿಮಣಿಗಳಲ್ಲಿ ಹೊಗೆಯಿರಲಿಲ್ಲ. 1982ರ ಜನವರಿ 18ರಂದು ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದಿದ್ದರು. ತಂದೆಯ ಕಾಲದಿಂದ ಮಗ್ಗದ ಮುಂದೆ ನಿಂತವರು ರಸ್ತೆಯ ಬದಿಯಲ್ಲಿ ತರಕಾರಿ ಮಾರುವುದನ್ನು ನೋಡಿದೆ. ಅವರಲ್ಲಿ ಅನೇಕರಿಗೆ ಮಗ್ಗವಲ್ಲದೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಇಲ್ಲಿಯೇ ನನಗೆ ಮುಖ್ಯವೆಂದು ತೋರುವ ಸಂಗತಿ ಇರುವುದು. ಮಹಾನಗರ ಕೊಡುವ ನಿಜವಾದ ಸಂಪತ್ತು ಸಂಬಳವಲ್ಲ, ಆಯ್ಕೆ. ಒಂದು ಕೆಲಸ ಬಿಟ್ಟರೆ ಇನ್ನೊಂದು, ಹಗಲು ಸಾಧ್ಯವಿಲ್ಲದಿದ್ದರೆ ರಾತ್ರಿ ಕಾಲೇಜು. ಆದರೆ ಕೈಯಲ್ಲಿ ಒಂದಿಷ್ಟು ವಿದ್ಯೆಯೋ ಕಸುಬೋ ಇದ್ದು ಹೋದವನಿಗೆ ಮಾತ್ರ ಆ ಆಯ್ಕೆ. ಬರಿಗೈಯಲ್ಲಿ ಹೋದವನನ್ನು ನಗರವೇ ತನಗೆ ಬೇಕಾದಲ್ಲಿಗೆ ಆರಿಸಿಕೊಳ್ಳುತ್ತದೆ. ನಾನೂ ನನ್ನ ಗೆಳೆಯನೂ ಒಂದೇ ಕ್ಯಾಂಟೀನಿನಲ್ಲಿ ಹಗಲು ಕೆಲಸಕ್ಕೆ ಸೇರಿ, ರಾತ್ರಿ ಕಾಲೇಜಿಗೆ ಹೆಸರು ಕೊಟ್ಟೆವು. ಆರು ತಿಂಗಳಲ್ಲಿ ಅವನ ಪಾಳಿಯನ್ನು ರಾತ್ರಿಗೆ ಬದಲಾಯಿಸಿದರು, ನನ್ನದನ್ನು ಬದಲಾಯಿಸಲಿಲ್ಲ. ಅಷ್ಟೇ ವ್ಯತ್ಯಾಸ. ನಾನು ಬಿ.ಎ. ಮುಗಿಸಿ ಊರಿಗೆ ಬಂದು ಮಾಸ್ತರನಾದೆ. ನನಗಿಂತ ಗಣಿತದಲ್ಲಿ ಮುಂದಿದ್ದ ಅವನು ನಲವತ್ತನೆಯ ವಯಸ್ಸಿನವರೆಗೂ ಕ್ಯಾಂಟೀನಿನಲ್ಲಿಯೇ ಉಳಿದ. ನನ್ನ ಜಾಣತನದಿಂದ ನಾನು ಮೇಲೆ ಬಂದೆನೆಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ನಮ್ಮ ಗಡಿನಾಡಿನ ಮಕ್ಕಳ ಕೈಯಲ್ಲಿ ಒಂದು ಬಂಡವಾಳ ಮಾತ್ರ ಹುಟ್ಟಿನಿಂದಲೇ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ಪಾಠದಲ್ಲಿ ಹಿಂದಿ, ಇಂಗ್ಲಿಷು. ಹಿಂದಿಯ ಲಿಪಿ ಗೊತ್ತಿದ್ದ ಕಾರಣ ಮುಂಬಯಿಯ ಮರಾಠಿ ಫಲಕಗಳನ್ನು ನಾವು ಮೊದಲ ದಿನವೇ ಓದಿದೆವು. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಮಹಾನಗರದಲ್ಲಿ ಎಡೆಯಿಲ್ಲವೆಂದು ಹೆತ್ತವರು ಹೆದರುತ್ತಾರೆ. ಕರಾವಳಿಯಿಂದ ಹೋದವರು ಹೋಟೆಲುಗಳಲ್ಲಿ ದುಡಿಯುತ್ತಲೇ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿ ಬೆಳೆಸಿದ್ದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕುಳಿತೇ ತಮ್ಮ ಹನೇಹಳ್ಳಿಯ ಕತೆಗಳನ್ನು ಬರೆದರು. ಆದರೆ ಹಳೆಯ ರಾತ್ರಿಶಾಲೆಗಳಲ್ಲಿ ಹಲವು ಮಕ್ಕಳಿಲ್ಲದೆ ಮುಚ್ಚಿದವು ಎಂಬುದೂ ನಿಜ. ಒಂದು ತಲೆಮಾರಿಗೆ ಕನ್ನಡ ಉಳಿಯುತ್ತದೆ, ಮೊಮ್ಮಕ್ಕಳ ಮಾತು ನಾನು ಹೇಳಲಾರೆ.

ಕಾಗದದ ಎರಡೂ ಮಗ್ಗುಲು ತುಂಬಿದಾಗ ಆ ತಾಯಿ ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗ, "ಪ್ಲಸ್ ಟು ಇಲ್ಲಿಯೇ ಮುಗಿಸಿ ಹೋದರೆ ಮಾವ ಬೇಜಾರು ಮಾಡಿಕೊಳ್ಳುತ್ತಾನಾ?" ಎಂದು ಕೇಳಿದ. ಮಾಡಿಕೊಂಡಾನು, ಎರಡು ವರ್ಷದಲ್ಲಿ ಮರೆತಾನು ಎಂದೆ.

ಅವನು ಈಗ ಪ್ಲಸ್ ಟು ಎರಡನೆಯ ವರ್ಷದಲ್ಲಿದ್ದಾನೆ. ರಜೆಯ ದಿನಗಳಲ್ಲಿ ಪೇಟೆಯ ಒಬ್ಬ ಇಲೆಕ್ಟ್ರಿಶಿಯನ್ ಜತೆಗೆ ವಯರಿಂಗ್ ಕೆಲಸ ಕಲಿಯುತ್ತಾನೆ. ಮೊನ್ನೆ ದಾರಿಯಲ್ಲಿ ಸಿಕ್ಕಿದಾಗ, ಕುರ್ಲಾಕ್ಕೆ ಹೋಗುವ ನೇತ್ರಾವತಿ ರೈಲು ಕಾಸರಗೋಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಮಾಷ್ಟ್ರೇ, ಎಂದು ಕೇಳಿದ.